ನೋವಿಲ್ಲದ ರಕ್ತಮೂತ್ರ, ಹರಳಿಲ್ಲ, ಸಿಸ್ಟೋಸ್ಕೋಪಿ ನಾರ್ಮಲ್: ಕಿಡ್ನಿ ಪೆಲ್ವಿಸ್, ಯುರೇಟರ್ ಕ್ಯಾನ್ಸರ್ ಹುಡುಕುವುದು ಯಾವ ಕ್ರಮದಲ್ಲಿ?

ತಾಲೂಕು ವೈದ್ಯ, ರೋಣ

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ತಾಲೂಕು ಆಸ್ಪತ್ರೆಯ ಒಂದು ಕೇಸಿನ ಬಗ್ಗೆ ಸಲಹೆ ಬೇಕಿತ್ತು. ಕಿಡ್ನಿಯೊಳಗೆ ಮೂತ್ರ ಕೂಡುವ ಪೆಲ್ವಿಸ್‌ನಲ್ಲಿ, ಇಲ್ಲವೇ ಅಲ್ಲಿಂದ ಮೂತ್ರಚೀಲಕ್ಕೆ ಇಳಿಯುವ ನಳಿಕೆ ಯುರೇಟರ್‌ನಲ್ಲಿ ಕ್ಯಾನ್ಸರ್ ಇರಬಹುದೇ ಎಂಬ ಸಂಶಯ.

64 ವರ್ಷದ ಗಂಡಸು, ರೈತ. 30 ವರ್ಷದಿಂದ ಬೀಡಿ ಸೇದುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನಡೆದಿದೆ. ಮೂರು ತಿಂಗಳಲ್ಲಿ ಎರಡು ಸಲ ಮೂತ್ರದಲ್ಲಿ ರಕ್ತ ಬಂದಿದೆ. ಅವರ ಮಾತಿನಲ್ಲೇ ಹೇಳುವುದಾದರೆ, "ಒಂದಕ್ಕ ಹೋದ್ರ ಕೆಂಪಗ ಬರತೈತ್ರಿ, ಉರಿ ಇಲ್ಲ, ನೋವಿಲ್ಲ. ಒಂದ್ಸಲ ಎರೆಹುಳದಂಗ ಉದ್ದಕ ಏನೋ ಬಂತು." ಎರಡೂ ಸಲ ಎರಡು ದಿನದಲ್ಲಿ ತಾನಾಗಿಯೇ ನಿಂತಿದೆ. ಮೊದಲ ಸಲ ಇನ್‌ಫೆಕ್ಷನ್ ಎಂದು ಆಂಟಿಬಯಾಟಿಕ್ ಕೊಡಲಾಗಿತ್ತು, ಕಲ್ಚರ್ ಕಳಿಸಿರಲಿಲ್ಲ.

ಅಲ್ಟ್ರಾಸೌಂಡ್: ಎಡ ಕಿಡ್ನಿಯಲ್ಲಿ ಸ್ವಲ್ಪ ನೀರು ತುಂಬಿ ಹಿಗ್ಗಿದೆ, ಹರಳು ಕಾಣುವುದಿಲ್ಲ, "ಹರಳು ಬಿದ್ದುಹೋಗಿರಬಹುದು" ಎಂದು ಬರೆದಿದ್ದಾರೆ. ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣಲೆಂದು ಕೊಡುವ ಔಷಧಿ) ಇಲ್ಲದ ಸಿಟಿ: ಹರಳಿಲ್ಲ. ಸಿಸ್ಟೋಸ್ಕೋಪಿ (ಮೂತ್ರಚೀಲದೊಳಗೆ ಕ್ಯಾಮೆರಾ ಹಾಕಿ ನೋಡುವುದು): ಮೂತ್ರಚೀಲ ಸ್ವಚ್ಛ. ಮೂತ್ರದ ಸೈಟಾಲಜಿ (ಮೂತ್ರದಲ್ಲಿ ಉದುರಿದ ಜೀವಕೋಶಗಳ ಪರೀಕ್ಷೆ) ಒಂದು ಸಲ, ನೆಗೆಟಿವ್. ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ) 1.4.

ಇಷ್ಟಾದ ಮೇಲೆ ಮನೆಯವರು "ಎಲ್ಲಾ ನಾರ್ಮಲ್ ಬಂತಲ್ರಿ, ಮತ್ಯಾಕ?" ಎಂದು ಕೇಳುತ್ತಿದ್ದಾರೆ. ಈ ಕ್ರಿಯಾಟಿನಿನ್‌ಗೆ ಕಾಂಟ್ರಾಸ್ಟ್ ಸಿಟಿ ಸರಿಯೇ? ಒಂದು ಸೈಟಾಲಜಿ ನೆಗೆಟಿವ್ ಬಂದದ್ದನ್ನು ಎಷ್ಟು ನಂಬಬಹುದು? ನಮ್ಮ ಭಾಗದಲ್ಲಿ ಟಿಬಿಯನ್ನೂ ಬಿಡುವಂತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ?

ಯುರಾಲಜಿ, ಹುಬ್ಬಳ್ಳಿ

ಡಾಕ್ಟ್ರ, ನೀವು ಬರದ ಹಿಸ್ಟರಿಯೊಳಗ ಒಂದು ಸಾಲು ಉಳಿದ ಎಲ್ಲಾ ರಿಪೋರ್ಟಿಗಿಂತ ತೂಕದ್ದೈತಿ: "ಎರೆಹುಳದಂಗ ಉದ್ದಕ ಬಂತು." ಮೂತ್ರಚೀಲದಾಗ ಹೆಪ್ಪಾದ ರಕ್ತ ದಪ್ಪ ದಪ್ಪ ಚೂರಾಗಿ ಬರತೈತಿ, ಅದಕ್ಕ ಒಂದು ಆಕಾರ ಇರೂದಿಲ್ಲ. ಸಣ್ಣಗ, ಉದ್ದಕ, ಎಳಿಯಂಗ ಬಂದ್ರ ಅದು ಯುರೇಟರ್ ಒಳಗ ಅಚ್ಚು ಹೊಯ್ದಂಗಾಗಿ ಇಳದು ಬಂದದ್ದು. ಅಂದ್ರ ರಕ್ತ ಮ್ಯಾಲಿಂದ ಬರಾಕತ್ತೈತಿ. ಸಿಸ್ಟೋಸ್ಕೋಪಿ ನಾರ್ಮಲ್ ಬಂದದ್ದು ಅದಕ್ಕ ಹೊಂದತೈತಿ, ಅದನ್ನ ಅಲ್ಲಗಳಿಯೂದಿಲ್ಲ.

ಮನಿಯವರಿಗೆ ಹಿಂಗ ಹೇಳ್ರಿ: ಇಲ್ಲೀತನಕ ಮಾಡಿದ ಒಂದು ಟೆಸ್ಟೂ ಯುರೇಟರ್ ಒಳಗ ನೋಡಿಲ್ಲ. ಅಲ್ಟ್ರಾಸೌಂಡಿಗೆ ನಡುವಿನ ಯುರೇಟರ್ ಕರುಳಿನ ಗ್ಯಾಸಿನ ಹಿಂದ ಮುಚ್ಚಿಹೋಗತೈತಿ. ಕಾಂಟ್ರಾಸ್ಟ್ ಇಲ್ಲದ ಸಿಟಿ ಹರಳು ಹುಡುಕಾಕ ಮಾಡೂದು. ಸಿಸ್ಟೋಸ್ಕೋಪಿ ಮೂತ್ರಚೀಲದ ಬಾಗಲಿಗೇ ನಿಂದರತೈತಿ. "ಎಲ್ಲಾ ನಾರ್ಮಲ್" ಅಲ್ಲ, ಇನ್ನೂ ನೋಡೇ ಇಲ್ಲ. "ಹರಳು ಬಿದ್ದುಹೋಗಿರಬಹುದು" ಅನ್ನೂದನ್ನ ಹರಳು ಕೈಗೆ ಸಿಕ್ಕಿದ್ರ ಇಲ್ಲಾ ಹಳೇ ಸ್ಕ್ಯಾನಿನ್ಯಾಗ ಕಂಡಿದ್ರ ಮಾತ್ರ ಬರೀಬೇಕು.

ಯುರೋಥೀಲಿಯಲ್ ಕ್ಯಾನ್ಸರ್ (ಮೂತ್ರದ ದಾರಿಯ ಒಳಪದರದ್ದು) 100 ಇದ್ರ ಅದರಾಗ 5ರಿಂದ 10 ಅಷ್ಟ ಪೆಲ್ವಿಸ್, ಯುರೇಟರ್‌ದಾಗ ಬರತಾವು, ಉಳಿದದ್ದೆಲ್ಲಾ ಮೂತ್ರಚೀಲದ್ದು. ಆದ್ರ ಯುರೇಟರ್ ಗೋಡಿ ಭಾಳ ತೆಳ್ಳಗ. ಹಿಂಗಾಗಿ ಪತ್ತೆ ಆಗೂ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಗೋಡಿಯೊಳಗ ಇಳದಿರತಾವು. ಮೂರು ತಿಂಗಳು ಈಗಾಗಲೇ ಹೋಗ್ಯಾವು, ಇನ್ನ ತಡ ಬ್ಯಾಡ.

ಕ್ರಮ ಯಾಕ ಮುಖ್ಯ ಅಂದ್ರ, ಇಲ್ಲಿ ಒಂದು ಟೆಸ್ಟ್ ಇನ್ನೊಂದನ್ನ ಕೆಡಸತೈತಿ. ಮೊದಲು ಮೂತ್ರದ ಸ್ಯಾಂಪಲ್ ತಗೊಳ್ರಿ, ಸೈಟಾಲಜಿಗೂ ಟಿಬಿಗೂ. ಆಮ್ಯಾಲ ಸಿಟಿ ಯುರೋಗ್ರಫಿ, ಅಂದ್ರ ಕಾಂಟ್ರಾಸ್ಟ್ ಯುರೇಟರಿಗೆ ಇಳದ ಮ್ಯಾಲೂ ತಗಿಯೂ ಸಿಟಿ. ಅದರ ಮ್ಯಾಲ ಬೇಕಾದ್ರ ಆರ್‌ಜಿಪಿ (ಕೆಳಗಿನಿಂದ ಯುರೇಟರಿಗೆ ಕಾಂಟ್ರಾಸ್ಟ್ ಹಾಕಿ ತಗಿಯೂ ಎಕ್ಸರೇ), ಯುರೇಟರೋಸ್ಕೋಪಿ (ಯುರೇಟರ್ ಒಳಗ ಕ್ಯಾಮೆರಾ ಹಾಕಿ ನೋಡೂದು), ಎರಡೂ ಒಂದ ಅನಸ್ತೇಸಿಯಾದಾಗ. ಕಿಡ್ನಿ ಹಿಗ್ಗೇತಿ ಅಂತ ಸಿಟಿಗಿಂತ ಮೊದಲ ಡಿಜೆ ಸ್ಟೆಂಟ್ (ಯುರೇಟರ್ ಒಳಗ ಇಡೂ ನಳಿಗಿ) ಹಾಕಬ್ಯಾಡ್ರಿ. ಸ್ಟೆಂಟ್ ತಿಕ್ಕಿ ತಿಕ್ಕಿ ಯುರೇಟರ್ ಗೋಡಿ ಬಾತು, ಕಾಂಟ್ರಾಸ್ಟ್ ಹಿಡದು ಹೊಳೀತೈತಿ. ಆಮ್ಯಾಲ ಅದು ಬಾವೋ ಗಡ್ಡಿಯೋ ಯಾರಿಗೂ ಹೇಳಾಕ ಬರೂದಿಲ್ಲ. ಚಳಿಜ್ವರ ಬಂದು, ಕಟ್ಟಿದ ಕಿಡ್ನಿಯೊಳಗ ಕೀವು ಆಗೇತಿ ಅಂದ್ರ ಮಾತು ಬ್ಯಾರೆ, ಆಗ ತಕ್ಷಣ ಖಾಲಿ ಮಾಡ್ಬೇಕು. ಅದಕ್ಕೂ ಆದಷ್ಟು ಕೆಳಗಿನಿಂದ ಸ್ಟೆಂಟೇ ಹಾಕಸ್ರಿ. ಬೆನ್ನಾಗಿಂದ ಕಿಡ್ನಿಗೆ ಪಿಸಿಎನ್ ನಳಿಗಿ ಹಾಕಿದ್ರ ಆ ದಾರಿಗುಂಟ ಕ್ಯಾನ್ಸರ್ ಜೀವಕೋಶ ಬೀಳೂ ಅಪಾಯ ಐತಿ.

ಹಿಸ್ಟರಿಯೊಳಗ ಇನ್ನೂ ಮೂರು ಕೇಳ್ರಿ. ಬಣ್ಣ ಹಾಕೂ ಕೆಲಸ ಮಾಡಿದ್ರೇನು, ಗದಗ-ಬೆಟಗೇರಿ ಕಡೆ ನೂಲಿಗೆ ಬಣ್ಣ ಹಾಕೂ ಮನಿತನ ಅದಾವಲ್ಲ. ಹಾವು-ಚೇಳಿಗೆ ಅಂತ, ಹೊಟ್ಟಿಗೆ ಅಂತ ಈಶ್ವರಿ ಬೇರು ತಿಂದಿದ್ರೇನು: ಆ ಬಳ್ಳಿಯೊಳಗ ಅರಿಸ್ಟೋಲೋಕಿಕ್ ಆಸಿಡ್ ಇರತೈತಿ, ಅದು ಕಿಡ್ನಿ ಒಣಗಸತೈತಿ, ಇದೇ ಜಾಗಾದ ಕ್ಯಾನ್ಸರೂ ತರತೈತಿ. ಮೂರನೇದು, ಅಣ್ಣತಮ್ಮ, ಅಕ್ಕತಂಗಿ, ತಂದಿತಾಯಿಯೊಳಗ ಕರುಳು ಇಲ್ಲಾ ಗರ್ಭಕೋಶದ ಕ್ಯಾನ್ಸರ್ ಇತ್ತೇನು. ಆಸ್ಪಿರಿನ್ ನಡದಿದ್ರ "ಅದರಿಂದ ರಕ್ತ ಬಂದೈತಿ" ಅಂತ ಬಿಡಬ್ಯಾಡ್ರಿ. ಆಸ್ಪಿರಿನ್ ರಕ್ತ ಹೆಚ್ಚು ಹರಿಸಬಹುದು, ಆದ್ರ ಒಡಕು ಎಲ್ಲೋ ಇರಬಹುದು.

ರೇಡಿಯಾಲಜಿ, ಧಾರವಾಡ

ಸಿಟಿ ಭಾಗ ನಾನು ಬರೆಯುತ್ತೇನೆ. ಹೆಚ್ಚಿನ ಗಡ್ಡೆಗಳು ತಪ್ಪಿಹೋಗುವುದು ಇಲ್ಲೇ.

ಕ್ರಿಯಾಟಿನಿನ್ 1.4, ವಯಸ್ಸು 64, ಗಂಡಸು: ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 56 ಬರುತ್ತದೆ. ಕಾಂಟ್ರಾಸ್ಟ್ ಕೊಡಲು ಅಡ್ಡಿಯಿಲ್ಲ. ಇಜಿಎಫ್‌ಆರ್ 30ಕ್ಕಿಂತ ಮೇಲಿದ್ದು, ಕಿಡ್ನಿ ಹಠಾತ್ತನೆ ಕೆಟ್ಟಿಲ್ಲವಾದರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕಿಲ್ಲ. 30ರ ಕೆಳಗಿದ್ದರೆ ನಿಲ್ಲಿಸಿ, 48 ತಾಸಿನ ಮೇಲೆ ಕ್ರಿಯಾಟಿನಿನ್ ನೋಡಿಯೇ ಮತ್ತೆ ಶುರು ಮಾಡಬೇಕು.

ಚೀಟಿಯಲ್ಲಿ ಬರೀ "ಸಿಟಿ ಹೊಟ್ಟೆ, ಕಾಂಟ್ರಾಸ್ಟ್" ಎಂದು ಬರೆದರೆ ಬಹಳ ಕಡೆ ಹೊಟ್ಟೆಯ ಮಾಮೂಲಿ ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ಕಾಂಟ್ರಾಸ್ಟ್ ಯುರೇಟರ್‌ಗೆ ಇಳಿಯುವ ಮೊದಲೇ ರೋಗಿ ಮೇಜಿನಿಂದ ಎದ್ದಿರುತ್ತಾನೆ. ಹೀಗೆ ಬರೆಯಿರಿ: "ಸಿಟಿ ಯುರೋಗ್ರಫಿ. ನೋವಿಲ್ಲದ ರಕ್ತಮೂತ್ರ, ಎಡ ಕಿಡ್ನಿ ಹಿಗ್ಗಿದೆ, ಯುರೋಥೀಲಿಯಲ್ ಗಡ್ಡೆ ಸಂಶಯ. ಕಾಂಟ್ರಾಸ್ಟ್‌ಗೆ ಮೊದಲು, 100 ಸೆಕೆಂಡಿಗೆ, 10ರಿಂದ 15 ನಿಮಿಷಕ್ಕೆ, ಮೂರೂ ಹಂತ ಬೇಕು." ಈ ಮೂರು ಸಾಲು ಇದ್ದರೆ ಸ್ಕ್ಯಾನ್ ಮಾಡುವವರ ಕೆಲಸವೇ ಬದಲಾಗುತ್ತದೆ.

ಸ್ಕ್ಯಾನಿಗೆ ಅರ್ಧ ಮುಕ್ಕಾಲು ತಾಸು ಮೊದಲು 750 ಎಂಎಲ್‌ನಿಂದ ಒಂದು ಲೀಟರ್ ಬರೀ ನೀರು. ಬಾಯಿಂದ ಬಿಳಿ ಕಾಂಟ್ರಾಸ್ಟ್ ಕುಡಿಸಬಾರದು. ಬಿಪಿ ಸರಿಯಿದ್ದರೆ ಮೂತ್ರ ಹೆಚ್ಚಿಸುವ ಫ್ರುಸಮೈಡ್ 10 ಎಂಜಿ ನರಕ್ಕೆ ಕೊಟ್ಟರೆ ಯುರೇಟರ್ ಚೆನ್ನಾಗಿ ತುಂಬಿಕೊಳ್ಳುತ್ತದೆ, ಕಾಂಟ್ರಾಸ್ಟ್ ತೆಳುವಾಗಿ ಒಳಗಿನದು ಕಾಣುತ್ತದೆ. ಕಟ್ಟಿರುವ ಕಿಡ್ನಿ ನಿಧಾನ ಬಿಡುತ್ತದೆ. 12 ನಿಮಿಷಕ್ಕೆ ಎಡ ಯುರೇಟರ್ ತುಂಬಿಲ್ಲವೆಂದರೆ ರೋಗಿಯನ್ನು ಬೋರಲು ಮಲಗಿಸಿ, ಅರ್ಧ ತಾಸಿನವರೆಗೂ ಕಾದು, ಆ ಭಾಗವನ್ನಷ್ಟೇ ಮತ್ತೆ ತೆಗೆಯಬೇಕು. ತುಂಬದ ತುಂಡನ್ನು "ನಾರ್ಮಲ್" ಎಂದು ಬರೆಯುವುದು ತಪ್ಪು. ಅಲ್ಲಿ ಏನಿದೆ ಎಂದು ಆ ಸ್ಕ್ಯಾನಿಗೆ ಗೊತ್ತೇ ಇಲ್ಲ. ಸ್ಲೈಸ್ 1ರಿಂದ 1.5 ಮಿಮೀ ಇರಲಿ.

ಓದುವಾಗಿನ ಒಂದು ಮಾತು. ಕೊನೆಯ ಹಂತದಲ್ಲಿ ಕಾಂಟ್ರಾಸ್ಟ್ ಸುಣ್ಣದಂತೆ ಬೆಳ್ಳಗಿರುತ್ತದೆ. ಮಾಮೂಲಿ ವಿಂಡೋದಲ್ಲಿ (ಪರದೆಯ ಕಪ್ಪು-ಬಿಳುಪಿನ ಹೊಂದಿಕೆ) 4-5 ಮಿಮೀ ಗಡ್ಡೆ ಆ ಬಿಳುಪಿನಲ್ಲಿ ಮುಳುಗಿಹೋಗುತ್ತದೆ. ಮೂಳೆ ನೋಡುವ ಅಗಲ ವಿಂಡೋಗೆ ಹಾಕಿದರೆ ಅದೇ ಜಾಗದಲ್ಲಿ ಬೂದು ಚುಕ್ಕೆ ಎದ್ದು ಕಾಣುತ್ತದೆ. ಆಮೇಲೆ ಮಾಮೂಲಿ ವಿಂಡೋಗೆ ಮರಳಿ ಗೋಡೆ ದಪ್ಪವಾಗಿದೆಯೇ, ಸುತ್ತಲಿನ ಕೊಬ್ಬು ಗೀರುಗೀರಾಗಿದೆಯೇ ನೋಡಬೇಕು.

ಒಳಗೆ ಕಂಡದ್ದು ಏನು? ಯೂರಿಕ್ ಆಸಿಡ್ ಹರಳು ಎಕ್ಸರೇಯಲ್ಲಿ ಕಾಣದಿದ್ದರೂ ಸಿಟಿಯಲ್ಲಿ 200 ಎಚ್‌ಯು (ಸಿಟಿಯಲ್ಲಿ ಸಾಂದ್ರತೆಯ ಅಳತೆ) ದಾಟಿರುತ್ತದೆ, ಅಲ್ಲಿ ಗೊಂದಲವಿಲ್ಲ. ಹೆಪ್ಪಾದ ರಕ್ತ ಕಾಂಟ್ರಾಸ್ಟ್ ಇಲ್ಲದೆಯೇ ಸುಮಾರು 40ರಿಂದ 80 ಇದ್ದು, ಕೊಟ್ಟ ಮೇಲೂ ಅಷ್ಟೇ ಇರುತ್ತದೆ. ಗಡ್ಡೆ ಅದಕ್ಕಿಂತ ಕಡಿಮೆಯಿಂದ ಶುರುವಾಗಿ, ಕಾಂಟ್ರಾಸ್ಟ್ ಕೊಟ್ಟಾಗ 20ಕ್ಕಿಂತ ಹೆಚ್ಚು ಏರುತ್ತದೆ. ಅದಕ್ಕೇ ಮೊದಲ ಹಂತವನ್ನು ಬಿಡಬಾರದು, ಬಿಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಇನ್ನೆರಡು ನೆನಪಿನಲ್ಲಿರಬೇಕು: ಕಳಚಿಬಿದ್ದ ಪ್ಯಾಪಿಲಾ (ಕಿಡ್ನಿಯ ಒಳಗಿನ ಮೊನೆ), ಫಂಗಸ್ ಉಂಡೆ. ಇವೆರಡೂ ಕಾಂಟ್ರಾಸ್ಟ್ ಹಿಡಿಯುವುದಿಲ್ಲ.

ಇಷ್ಟು ಮಾಡಿದರೂ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡ ಕಾರ್ಸಿನೋಮಾ ಇನ್ ಸಿಟು (ಒಳಪದರ ದಾಟದ ಕ್ಯಾನ್ಸರ್) ಸಿಟಿಯಲ್ಲಿ ಕಾಣದೇ ಇರಬಹುದು. ಅದನ್ನು ಹಿಡಿಯುವುದು ಸೈಟಾಲಜಿ.

ಸೈಟೋಪೆಥಾಲಜಿ, ಹುಬ್ಬಳ್ಳಿ

ಒಂದು ನೆಗೆಟಿವ್ ಸೈಟಾಲಜಿಯಿಂದ ಏನನ್ನೂ ತಳ್ಳಿಹಾಕಲಾಗದು. ಲೋ ಗ್ರೇಡ್ (ಕಡಿಮೆ ಆಕ್ರಮಕ) ಗಡ್ಡೆಯ ಜೀವಕೋಶ ನೋಡಲು ಹೆಚ್ಚುಕಡಿಮೆ ನಾರ್ಮಲ್ ಜೀವಕೋಶದಂತೆಯೇ ಇರುತ್ತದೆ. ಹೈ ಗ್ರೇಡ್ (ಹೆಚ್ಚು ಆಕ್ರಮಕ) ಇದ್ದರೂ ಮೇಲಿನ ಗಡ್ಡೆ ಮೂತ್ರಚೀಲದ ಗಡ್ಡೆಯಷ್ಟು ಧಾರಾಳವಾಗಿ ಜೀವಕೋಶ ಉದುರಿಸುವುದಿಲ್ಲ, ಯುರೇಟರ್ ಕಟ್ಟಿದ್ದರಂತೂ ಕೆಳಗೆ ಇಳಿಯುವುದೇ ಕಷ್ಟ. ಆದರೆ ಪಾಸಿಟಿವ್ ಬಂದು, ಸಿಸ್ಟೋಸ್ಕೋಪಿ ಸ್ವಚ್ಛವಿದ್ದರೆ ಅದಕ್ಕೆ ಬಹಳ ಬೆಲೆಯಿದೆ. ಪ್ಯಾರಿಸ್ ಪದ್ಧತಿಯ (ಮೂತ್ರದ ಸೈಟಾಲಜಿ ವರದಿಯ ಅಂತರರಾಷ್ಟ್ರೀಯ ಮಾದರಿ) ವರದಿಯಲ್ಲಿ "ಹೈ ಗ್ರೇಡ್‌ಗೆ ನೆಗೆಟಿವ್" ಎಂದು ಬರೆಯುವುದು ಇದೇ ಕಾರಣಕ್ಕೆ. "ಕ್ಯಾನ್ಸರ್ ಇಲ್ಲ" ಎಂದು ಅದನ್ನು ಓದಬೇಡಿ.

ಸ್ಯಾಂಪಲ್ ತೆಗೆಯುವಾಗ ಆಗುವ ದೊಡ್ಡ ತಪ್ಪು: ಟಿಬಿಗೂ ಸೈಟಾಲಜಿಗೂ ಒಂದೇ ಡಬ್ಬಿ. ಟಿಬಿಗೆ ಬೆಳಗಿನ ಮೊದಲ ಮೂತ್ರ ಬೇಕು, ಪೂರ್ತಿ, ಮೂರು ದಿನ ಸತತ. ಸೈಟಾಲಜಿಗೆ ಅದೇ ಕೆಟ್ಟ ಸ್ಯಾಂಪಲ್. ರಾತ್ರಿಯೆಲ್ಲ ಮೂತ್ರದಲ್ಲಿ ನೆನೆದ ಜೀವಕೋಶ ಉಬ್ಬಿ ಒಡೆದಿರುತ್ತದೆ. ಬೆಳಿಗ್ಗೆ ಒಮ್ಮೆ ಹೋಗಿಬಂದು, ನೀರು ಕುಡಿದು ಸ್ವಲ್ಪ ಓಡಾಡಿ, ಎರಡನೆಯ ಸಲ ಬಂದದ್ದನ್ನು ಹಿಡಿಯಿರಿ. ಕನಿಷ್ಠ 50 ಎಂಎಲ್, ಮೂರು ಬೇರೆ ಬೇರೆ ದಿನ.

ರೋಣದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಎರಡು ತಾಸಿಗೆ ಕಡಿಮೆ ಇಲ್ಲ, ನಮ್ಮ ಕಡೆಯ ಬೇಸಿಗೆ ಬೇರೆ. ಹಿಡಿದ ತಕ್ಷಣ ಅಷ್ಟೇ ಅಳತೆಯ 50% ಆಲ್ಕೋಹಾಲ್ ಬೆರೆಸಿ ಕಳಿಸಿ. ಅದಿಲ್ಲದಿದ್ದರೆ ಲಸಿಕೆ ಒಯ್ಯುವ ಐಸ್ ಬಾಕ್ಸಿನಲ್ಲಿಟ್ಟು ಅದೇ ದಿನ ತಲುಪಿಸಿ, ಆದರೆ ಹೆಪ್ಪುಗಟ್ಟಬಾರದು. ಫಾರ್ಮಲಿನ್ ಹಾಕಲೇಬೇಡಿ. ಡಬ್ಬಿಯ ಮೇಲೆ ತಾನಾಗಿ ಹೋದದ್ದೋ, ನಳಿಗೆಯಿಂದ ತೆಗೆದದ್ದೋ ಬರೆಯಿರಿ. ನಳಿಗೆ ತಾಗಿದರೆ ನಾರ್ಮಲ್ ಜೀವಕೋಶಗಳೇ ಗೊಂಚಲುಗೊಂಚಲಾಗಿ ಕಿತ್ತುಬರುತ್ತವೆ, ನೋಡಲು ಲೋ ಗ್ರೇಡ್ ಗಡ್ಡೆಯಂತೆಯೇ. ಹರಳಿದ್ದರೂ ಹಾಗೆಯೇ. ಈ ಒಂದು ಸಾಲಿಲ್ಲದೆ ಎಷ್ಟೋ ಸ್ಲೈಡುಗಳು ಸುಮ್ಮಸುಮ್ಮನೆ "ಅಟಿಪಿಕಲ್" (ನಾರ್ಮಲ್ ಎನ್ನಲಾಗದ, ಕ್ಯಾನ್ಸರ್ ಎಂದೂ ಹೇಳಲಾಗದ) ಆಗುತ್ತವೆ.

ಟಿಬಿ ಬಗ್ಗೆ: ಮೂತ್ರದಲ್ಲಿ ಕೀವುಕಣ ಇದ್ದು ಮಾಮೂಲಿ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಸಂಶಯ ಹೆಚ್ಚು. ಸಿಬಿನಾಟ್ (ಟಿಬಿ ರೋಗಾಣುವಿನ ಜೀನ್ ಪರೀಕ್ಷೆ) ಜಿಲ್ಲಾ ಮಟ್ಟದಲ್ಲಿ ಉಚಿತವಾಗಿಯೇ ಆಗುತ್ತದೆ. ಪುರಾವೆ ಇಲ್ಲದೆ "ಆರು ತಿಂಗಳು ಎಟಿಟಿ (ಟಿಬಿ ಔಷಧಿ) ಕೊಟ್ಟು ನೋಡೋಣ" ಎನ್ನುವ ದಾರಿ ದಯವಿಟ್ಟು ಬೇಡ. ಕ್ಯಾನ್ಸರ್ ಇದ್ದರೆ ಆ ಆರು ತಿಂಗಳು ಮತ್ತೆ ಸಿಗುವುದಿಲ್ಲ. ಟಿಬಿಯೇ ಇದ್ದರೂ, ಔಷಧಿಯಿಂದ ಗಾಯ ಮಾಯುವಾಗ ಯುರೇಟರ್ ಇನ್ನಷ್ಟು ಕಿರಿದಾಗಬಹುದು, ಕಿಡ್ನಿಯ ಮೇಲೆ ಕಣ್ಣಿಡಬೇಕಾಗುತ್ತದೆ.

ತಾಲೂಕು ವೈದ್ಯ, ರೋಣ

ತುಂಬಾ ಉಪಕಾರವಾಯಿತು. ಮೂರೂ ಹಂತದ ಸಿಟಿ ಆಯಿತು. ಎಡ ಯುರೇಟರ್‌ನ ಕೆಳಭಾಗ, ಮೂತ್ರಚೀಲಕ್ಕೆ ಸೇರುವಲ್ಲಿಂದ 3 ಸೆಂಮೀ ಮೇಲೆ, 1.6 ಸೆಂಮೀ ಉದ್ದದ ಗಡ್ಡೆ. ಮೊದಲು 28 ಎಚ್‌ಯು, ಕಾಂಟ್ರಾಸ್ಟ್ ಮೇಲೆ 71. ಸುತ್ತಲಿನ ಕೊಬ್ಬು ಸ್ವಚ್ಛ, ಲಿಂಫ್ ಗಂಟುಗಳಿಲ್ಲ, ಎದೆಯ ಸಿಟಿ ಸ್ವಚ್ಛ. ಸೈಟಾಲಜಿ ಮೂರರಲ್ಲಿ ಒಂದು ಅಟಿಪಿಕಲ್, ಎರಡು ನೆಗೆಟಿವ್. ಸಿಬಿನಾಟ್ ನೆಗೆಟಿವ್.

"ಕಿಡ್ನಿ, ಯುರೇಟರ್ ಎರಡೂ ತೆಗೆದುಬಿಡಿ, ಬಯಾಪ್ಸಿ ಯಾಕೆ" ಎಂದು ಒಂದು ಅಭಿಪ್ರಾಯ ಬಂದಿದೆ. ಬಯಾಪ್ಸಿ ಮಾಡಿದರೆ ಹರಡುತ್ತದೆ ಎಂಬ ಭಯ ಮನೆಯವರಿಗೆ.

ಯುರಾಲಜಿ, ಹುಬ್ಬಳ್ಳಿ

28ರಿಂದ 71 ಅಂದ್ರ ಅದು ಜೀವ ಇದ್ದ ಗಡ್ಡಿ, ರಕ್ತದ ಹೆಪ್ಪಲ್ಲ.

ಮನಿಯವರ ಭಯಕ್ಕ ಒಂದು ಆಧಾರ ಐತಿ. ಯುರೇಟರೋಸ್ಕೋಪಿ ಮಾಡಿ ಆಮ್ಯಾಲ ಕಿಡ್ನಿ ತಗದವರಿಗೆ ಮುಂದ ಮೂತ್ರಚೀಲದಾಗ ಗಡ್ಡಿ ಬರೂ ಸಂಭವ ಹೆಚ್ಚು. ಅದಕ್ಕ ಎಲ್ಲಾರಿಗೂ ಮಾಡೂದಲ್ಲ. ಸಿಟಿಯೊಳಗ ಗೋಡಿ ದಾಟಿದ ಗಡ್ಡಿ, ಸೈಟಾಲಜಿ ಹೈ ಗ್ರೇಡ್, ಎರಡೂ ಇದ್ರ ಬಯಾಪ್ಸಿಯಿಂದ ನಿರ್ಧಾರ ಏನೂ ಬದಲಾಗೂದಿಲ್ಲ, ಬಿಡಬಹುದು. ಇಲ್ಲಿ ಹಂಗಿಲ್ಲ. ಒಂದ ಗಡ್ಡಿ, 2 ಸೆಂಮೀ ಒಳಗ, ಸೈಟಾಲಜಿ ಹೈ ಗ್ರೇಡ್ ಅಲ್ಲ, ಸಿಟಿಯೊಳಗ ಗೋಡಿ ದಾಟಿಲ್ಲ. ಬಯಾಪ್ಸಿನೂ ಲೋ ಗ್ರೇಡ್ ಬಂದ್ರ ಲೇಸರ್‌ದಾಗ ಸುಟ್ಟು, ಕಿಡ್ನಿ ಉಳಿಸಿ, ಬಿಡದ ನೋಡಿಕೊಂತ ಹೋಗಬಹುದು. ಹೈ ಗ್ರೇಡ್ ಬಂದ್ರೂ ಜಾಗಾ ತೀರ ಕೆಳಗ ಇರೂದರಿಂದ ಆ ತುಂಡು ಕತ್ತರಿಸಿ, ಯುರೇಟರನ್ನ ಮತ್ತ ಮೂತ್ರಚೀಲಕ್ಕ ಜೋಡಿಸೂ ಆಯ್ಕೆ ಐತಿ. ಇಜಿಎಫ್‌ಆರ್ 56 ಇದ್ದವರಿಗೆ ಒಂದು ಕಿಡ್ನಿ ಸುಮ್ಮನ ಕಳಿಯೂದು ಸಣ್ಣ ಮಾತಲ್ಲ. ಕಿಡ್ನಿ ತಗದ ಮ್ಯಾಲ ಸಿಸ್‌ಪ್ಲಾಟಿನ್ ಕೀಮೋ ಕೊಡೂ ಸ್ಥಿತಿಯೊಳಗ ಅವರು ಉಳಿಯೂದು ಕಷ್ಟ. ತಗೀಲೇಬೇಕು ಅಂತಾದ್ರ ಆಪರೇಷನ್ ಮೊದಲೋ ಕೀಮೋ ಮೊದಲೋ ಅನ್ನೂದನ್ನ ಕ್ಯಾನ್ಸರ್ ಡಾಕ್ಟ್ರ ಜೊತಿ ಕುಂತು ಮೊದಲ ಇತ್ಯರ್ಥ ಮಾಡಿಕೊಳ್ರಿ.

ಮಾಡೂ ರೀತಿ: ಮೊದಲು ಮೂತ್ರಚೀಲ ಇನ್ನೊಮ್ಮೆ ಪೂರ್ತಿ ನೋಡೂದು, ಖಾಲಿ ಮಾಡಿ ತೊಳಿಯೂದು. 5 ಫ್ರೆಂಚ್ ಅಳತಿಯ, ತುದಿ ತೆರದ ನಳಿಗಿ ಎಡ ಯುರೇಟರಿಗೆ ಹಾಕಿ, ಸಲೈನ್ 5ರಿಂದ 10 ಎಂಎಲ್ ಮೆತ್ತಗ ಒಳಗ-ಹೊರಗ ಎಳದು ಸೈಟಾಲಜಿಗೆ ತಗೊಳ್ಳೂದು. ಕಾಂಟ್ರಾಸ್ಟ್ ಇದಾದ ಮ್ಯಾಲ. ಮೊದಲ ಕಾಂಟ್ರಾಸ್ಟ್ ಹಾಕಿದ್ರ ಅದರ ಗಾಢತನಕ್ಕ ಜೀವಕೋಶ ಸೊಟ್ಟಾಗತಾವು. ಆರ್‌ಜಿಪಿಯೊಳಗ ಗಡ್ಡಿ ಕೆಳಗಿನ ಯುರೇಟರ್ ನೋಡ್ರಿ: ಹರಳಿದ್ರ ಅದರ ಕೆಳಗ ಯುರೇಟರ್ ಬಿಗದು ಸಣ್ಣಾಗಿರತೈತಿ. ಗಡ್ಡಿ ಸಾವಕಾಶ ಬೆಳದದ್ದಾದ್ರ ಕೆಳಗೂ ಅಗಲಾಗಿ, ಕಾಂಟ್ರಾಸ್ಟ್ ಗಡ್ಡಿಯ ಬುಡಕ್ಕ ಬಟ್ಟಲಿನ ಆಕಾರದಾಗ ನಿಂದರತೈತಿ.

ಸ್ಕೋಪ್ ಏರಸೂವಾಗ ಗಡ್ಡಿ ನೋಡೂತನಕ ವೈರ್ ಮುಂದ ತಳ್ಳಬಾರದು. ತಳ್ಳಿದ್ರ ಗೀರಿ ರಕ್ತ ಬಂದು ಏನೂ ಕಾಣೂದಿಲ್ಲ. ನೀರಿನ ಒತ್ತಡ ಕಡಿಮಿ ಇರಲಿ. ಎಲಿಯಂಗ ತೇಲೂ ಗಡ್ಡಿ ಇದ್ರ ನಿಟಿನಾಲ್ ಬಾಸ್ಕೆಟ್‌ದಾಗ ಬುಡಕ್ಕ ಹಿಡದು ಸ್ಕೋಪಿನ ಸಮೇತ ಹೊರಗ ತರಬೇಕು. ಬಾಸ್ಕೆಟ್ ಅಷ್ಟ ಸ್ಕೋಪಿನ ತೂತಿನಿಂದ ಜಗ್ಗಿದ್ರ ತುಂಡು ಅಲ್ಲೇ ಸವದುಹೋಗತೈತಿ. ಚಪ್ಪಟಿ ಇದ್ರ 3 ಫ್ರೆಂಚ್ ಫೋರ್ಸೆಪ್ಸ್, ಮೂರಕ್ಕ ಕಡಿಮಿ ತುಂಡು ಬ್ಯಾಡ. ಆಗ ಸುಟ್ಟುಹಾಕೂದು ಬ್ಯಾಡ ಅಂತಾದ್ರ ಅಷ್ಟಕ್ಕ ನಿಲ್ಲಸ್ರಿ.

ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ರೆಫರಲ್ ಚೀಟಿ ನಿಮ್ಮಲ್ಲಿಂದಲೇ ಕೊಟ್ಟು ಕಳಸ್ರಿ. ಸಿಟಿಯ ರಿಪೋರ್ಟ್ ಅಷ್ಟ ಅಲ್ಲ, ಸಿಡಿನೂ ಕೈಯಾಗ ಇರಲಿ.

ಸೈಟೋಪೆಥಾಲಜಿ, ಹುಬ್ಬಳ್ಳಿ

ಬಯಾಪ್ಸಿ ತುಂಡಿನ ಬಗ್ಗೆ ಒಂದೆರಡು ಮಾತು. 3 ಫ್ರೆಂಚ್ ಫೋರ್ಸೆಪ್ಸ್‌ನಲ್ಲಿ ಬರುವುದು ಗಸಗಸೆ ಕಾಳಿನಷ್ಟು. ಅದನ್ನು ಗಾಜ್ ಬಟ್ಟೆಯ ಮೇಲೆ ಒರೆಸಿದರೆ ಎಳೆಗಳಲ್ಲಿ ಸಿಕ್ಕಿ ಮತ್ತೆ ಬಿಡಿಸಲಾಗದು. ಸೂಜಿಯ ತುದಿಯಿಂದ ಫಿಲ್ಟರ್ ಕಾಗದದ ಮೇಲಿಳಿಸಿ, ಸಣ್ಣ ಬಾಟಲಿಯ 10% ಫಾರ್ಮಲಿನ್‌ಗೆ ಹಾಕಿ. ಫೋರ್ಸೆಪ್ಸ್ ಜಾಲಾಡಿಸಿದ ಸಲೈನನ್ನು ಚೆಲ್ಲಬೇಡಿ, ಬೇರೆ ಡಬ್ಬಿಯಲ್ಲಿ ಕಳಿಸಿ. ಸೆಲ್ ಬ್ಲಾಕ್ (ಬಿಡಿ ಜೀವಕೋಶಗಳನ್ನು ಕೂಡಿಸಿ ಮೇಣದಲ್ಲಿ ಕೂರಿಸಿದ ತುಂಡು) ಮಾಡಿದರೆ ಎಷ್ಟೋ ಸಲ ತುಂಡಿನಲ್ಲಿ ಸಿಗದ್ದು ಅದರಲ್ಲಿ ಸಿಗುತ್ತದೆ.

ಇಷ್ಟು ಸಣ್ಣ ತುಂಡಿನಿಂದ ಗ್ರೇಡ್ ಹೇಳಬಹುದು, ಎಷ್ಟು ಆಳ ಇಳಿದಿದೆ ಎಂದು ಹೇಳಲಾಗದು. ಸ್ನಾಯು ಅದರಲ್ಲಿ ಬಂದಿರುವುದೇ ಅಪರೂಪ. ಗ್ರೇಡ್ ಕೂಡ ನಿಜಕ್ಕಿಂತ ಕಡಿಮೆ ಬರುವುದುಂಟು. ಆದ್ದರಿಂದ ತುಂಡು ಲೋ ಗ್ರೇಡ್, ತೊಳೆದ ಮೂತ್ರ ಹೈ ಗ್ರೇಡ್ ಎಂದು ಬಂದರೆ ಹೈ ಗ್ರೇಡ್ ಎಂದೇ ನಡೆಯಿರಿ.

ಈ ಕೇಸಿಗೆ ಸಂಬಂಧವಿಲ್ಲದಿದ್ದರೂ ಹೇಳಬೇಕಾದದ್ದು: ಪೆಲ್ವಿಸ್‌ನಿಂದ ಕಿಡ್ನಿಯೊಳಕ್ಕೆ ನುಗ್ಗಿದ ಗಡ್ಡೆಯನ್ನು ಸಾಮಾನ್ಯ ಕಿಡ್ನಿ ಕ್ಯಾನ್ಸರ್ ಎಂದುಕೊಂಡು ಕಿಡ್ನಿ ಮಾತ್ರ ತೆಗೆದು, ಯುರೇಟರ್ ಬಿಟ್ಟರೆ ಉಳಿದ ತುಂಡಿನಲ್ಲಿ ಕಾಯಿಲೆ ಮರುಕಳಿಸಬಹುದು. ಕಿಡ್ನಿಯ ಹೊರಗಿನ ಆಕಾರ ಕೆಡದೆ, ನಡುವಿನಿಂದ ಹಬ್ಬಿದ ಗಡ್ಡೆ ಕಂಡರೆ ಆಪರೇಷನ್‌ಗೆ ಮೊದಲೇ ಖಚಿತಪಡಿಸಿಕೊಳ್ಳಿ. ತುಂಡಿನ ಪ್ರೋಟೀನ್ ಪರೀಕ್ಷೆಯಲ್ಲಿ ಜಿಎಟಿಎ3, ಪಿ63 ಪಾಸಿಟಿವ್ ಇದ್ದರೆ ಯುರೋಥೀಲಿಯಲ್ ಕಡೆಗೆ. ಪ್ಯಾಕ್ಸ್8 ಕಿಡ್ನಿ ಕಡೆಗೆ ತೋರಿಸುತ್ತದಾದರೂ ಪೆಲ್ವಿಸ್‌ನ ಕೆಲವು ಯುರೋಥೀಲಿಯಲ್ ಗಡ್ಡೆಗಳಲ್ಲೂ ಪಾಸಿಟಿವ್ ಬರುತ್ತದೆ, ಅದೊಂದನ್ನೇ ನೆಚ್ಚಬೇಡಿ. ವರ್ಷಗಟ್ಟಲೆ ಕವಲು ಹರಳು ಕೂತ, ಕೀವು ತುಂಬಿದ ಕಿಡ್ನಿ ತೆಗೆದಾಗ ಪೆಲ್ವಿಸ್ ಗೋಡೆಯ ತುಂಡುಗಳನ್ನು ಹೆಚ್ಚಾಗಿ ನೋಡಬೇಕು. ಸ್ಕ್ವಾಮಸ್ ಕ್ಯಾನ್ಸರ್ ಆ ಕೀವಿನಡಿಯಲ್ಲಿ ಅಡಗಿರಬಹುದು, ಸಿಟಿಗೂ ಕಂಡಿರಲಿಕ್ಕಿಲ್ಲ.

ರೋಗಿ 60ಕ್ಕಿಂತ ಚಿಕ್ಕವರಾಗಿದ್ದರೆ ಅಥವಾ ಮನೆತನದಲ್ಲಿ ಕರುಳು, ಗರ್ಭಕೋಶದ ಕ್ಯಾನ್ಸರ್ ಇದ್ದರೆ ಅದೇ ಬ್ಲಾಕಿನ ಮೇಲೆ ಎಂಎಸ್‌ಎಚ್2, ಎಂಎಸ್‌ಎಚ್6 ಸಮೇತ ನಾಲ್ಕೂ ಎಂಎಂಆರ್ (ಡಿಎನ್‌ಎ ತಪ್ಪು ಸರಿಪಡಿಸುವ) ಪ್ರೋಟೀನ್ ಪರೀಕ್ಷೆ ಕೇಳಿ. ಲಿಂಚ್ ಸಿಂಡ್ರೋಮ್ (ಮನೆತನದಲ್ಲಿ ಇಳಿದುಬರುವ, ಕ್ಯಾನ್ಸರ್ ತರುವ ಜೀನ್ ದೋಷ) ಎಂದು ಬಂದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳಿಗೂ ಜೀನ್ ಪರೀಕ್ಷೆ, ದೋಷ ಇದ್ದವರಿಗೆ ಕೊಲೊನೋಸ್ಕೋಪಿ ಬೇಕಾಗುತ್ತದೆ. ನಿಮ್ಮ ರೋಗಿಗೆ 64, ಆದರೆ ಮನೆತನದ ಪ್ರಶ್ನೆಗೆ ಉತ್ತರ ನೀವಿನ್ನೂ ಬರೆದಿಲ್ಲ. ಬಯಾಪ್ಸಿ ಚೀಟಿಯಲ್ಲೇ ಅದನ್ನು ಬರೆದು ಕಳಿಸಿ, ಬ್ಲಾಕ್ ಮುಗಿಯುವ ಮೊದಲೇ ಅದಕ್ಕೆಂದು ಸ್ಲೈಡು ತೆಗೆದಿಡಬಹುದು.